ಕಣ ಇಲ್ಲದ ಊರಿನ ಓಟ

ಒಬ್ಬರು: ಶೆಟ್ಟಿಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಅರ್ಧ ಗಂಟೆ ನಿಂತರೆ ಸಾಕು, ಈ ಸೀಮೆಗೂ ಮೋಟಾರಿಗೂ ಇರುವ ನಂಟು ಕಣ್ಣಿಗೆ ಬೀಳುತ್ತದೆ. ಮುಂದೊಂದು ಹಿಂದೊಂದು ಕಾಯಿಮೂಟೆ ಹೇರಿಕೊಂಡು, ಮಂಡಿಗಳನ್ನು ಎರಡೂ ಕಡೆ ಚಾಚಿ ಕೂತವನ ಟಿವಿಎಸ್ ಎಕ್ಸೆಲ್. ಮಟ್ಟೆ ತುಂಬಿದ ಟ್ರ್ಯಾಕ್ಟರ್. ಕೊಬ್ಬರಿ ಚೀಲ ಹೊತ್ತು ತಿಪಟೂರು ಮಾರುಕಟ್ಟೆಗೆ ಹೊರಟ ಗೂಡ್ಸ್ ಆಟೊ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕು ಸುತ್ತಿದರೂ ಗಾಡಿ ಇಲ್ಲದ ಮನೆ ಸಿಗುವುದು ಕಷ್ಟ. ಆದರೂ ಮೋಟಾರು ಓಟ ಇಲ್ಲಿನ ಆಟ ಆಗಿಲ್ಲ. ಅತ್ತ ಫಿನ್ಲೆಂಡ್ ನೋಡಿ. ಇಡೀ ದೇಶದ ಜನಸಂಖ್ಯೆ 55 ಲಕ್ಷದ ಆಸುಪಾಸು, ಕರ್ನಾಟಕದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಜನ. ವಿಶ್ವ ರ‍್ಯಾಲಿ ಪಟ್ಟ ಗೆದ್ದ ಚಾಲಕರು ಅಲ್ಲಿ ಏಳು ಮಂದಿ. ಪೋಲೆಂಡಿನವರಿಗೆ ಸ್ಪೀಡ್‌ವೇ ಹುಚ್ಚು, ಸ್ಪೇನಿನವರಿಗೆ ಬೈಕು, ಅಮೆರಿಕದ ದಕ್ಷಿಣ ರಾಜ್ಯಗಳಿಗೆ ನಾಸ್ಕಾರ್. ಇದೆಲ್ಲ ದುಡ್ಡಿದ್ದವರ ಆಟ, ದುಡ್ಡಿದ್ದ ದೇಶಕ್ಕೆ ಒಲಿದಿದೆ ಎಂದು ಹೇಳಿ ಮುಗಿಸಬಹುದಲ್ಲವೆ?

ಮತ್ತೊಬ್ಬರು: ದುಡ್ಡಿನ ಲೆಕ್ಕ ಹಿಡಿದು ಹೊರಟರೆ ಮೊದಲ ತಿರುವಿನಲ್ಲೇ ದಾರಿ ತಪ್ಪುತ್ತದೆ. ಸ್ಪೀಡ್‌ವೇ ಪೋಲೆಂಡಿನಲ್ಲಿ ಬೇರು ಬಿಟ್ಟದ್ದು ಎರಡನೇ ಮಹಾಯುದ್ಧದಲ್ಲಿ ಆ ದೇಶ ನೆಲಕಚ್ಚಿದ ಮೇಲಿನ ವರ್ಷಗಳಲ್ಲಿ. ಇವತ್ತಿಗೂ ಅದು ರಾಜಧಾನಿಯ ಆಟಕ್ಕಿಂತ ಹೆಚ್ಚಾಗಿ ಲೆಶ್ನೊ, ಗೊಜೂವ್, ಜೆಲೊನಾ ಗೂರಾ ಥರದ ಊರುಗಳ ಆಟ. ಲೆಶ್ನೊ ಪಟ್ಟಣದಲ್ಲಿ ಇರುವುದು ಸುಮಾರು 60,000 ಜನ, ಹೆಚ್ಚುಕಮ್ಮಿ ನಮ್ಮ ತಿಪಟೂರಿನಷ್ಟು. ಅಲ್ಲಿನ ಯೂನಿಯಾ ಕ್ಲಬ್ಬು ಪೋಲೆಂಡಿನ ಲೀಗನ್ನು ಬೇರೆಲ್ಲರಿಗಿಂತ ಹೆಚ್ಚು ಬಾರಿ ಗೆದ್ದಿದೆ. ನಾಲ್ಕು ಜನ ಸವಾರರು, ಬ್ರೇಕೇ ಇಲ್ಲದ 500 ಸಿಸಿ ಬೈಕು, ಮಣ್ಣಿನ ಅಂಡಾಕಾರದ ದಾರಿಯಲ್ಲಿ ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಓಟ ಮುಗಿದೇ ಹೋಯಿತು. ಇದಕ್ಕೆ ಬೇಕಾದ ಸಿರಿತನ ಎಷ್ಟು? ಹಾಗಾಗಿ ದುಡ್ಡನ್ನು ಸದ್ಯ ಪಕ್ಕಕ್ಕಿಟ್ಟು, ಒಂದೊಂದು ಆಟದ ಮೊದಲ ಓಟ ಯಾವ ಜಾಗದಲ್ಲಿ ನಡೆಯಿತು ಎಂದು ಹುಡುಕೋಣ. ಸ್ಪೀಡ್‌ವೇ ಕಥೆಯನ್ನು ಸಾಮಾನ್ಯವಾಗಿ ಶುರು ಮಾಡುವುದು ಆಸ್ಟ್ರೇಲಿಯದ ವೆಸ್ಟ್ ಮೈಟ್‌ಲ್ಯಾಂಡಿನಿಂದ, 1923ರ ಡಿಸೆಂಬರಿನಿಂದ. ಆ ಓಟ ನಡೆದದ್ದು ರೈತರ ಕೃಷಿ ಮೇಳದ ಅಂಗಳದಲ್ಲಿ. ಅಮೆರಿಕಕ್ಕೆ ಹೋಗಿ. ಮಿಲ್ವಾಕಿಯ ಒಂದು ಮೈಲಿ ಸುತ್ತಿನಲ್ಲಿ 1903ರಲ್ಲಿ ಕಾರು ಓಡಿತು. ಅದಕ್ಕೂ ಮೊದಲು ಅಲ್ಲಿ ಓಡುತ್ತಿದ್ದದ್ದು ಕುದುರೆ. ನಾಸ್ಕಾರ್ ಹುಟ್ಟಿದ್ದು 1948ರಲ್ಲಿ. ಅದರ ಆರಂಭದ ದಾರಿಗಳಲ್ಲಿ ಒಂದಾದ ಉತ್ತರ ಕ್ಯಾರೊಲಿನಾದ ಆಕನೀಚಿಯೂ ಹಳೆಯ ಕುದುರೆ ಓಟದ ದಾರಿಯೇ. ಆ ಸೀಮೆಯದು ಕೆಂಪು ಜೇಡಿಮಣ್ಣು, ನೀರು ಚಿಮುಕಿಸಿ ತುಳಿದರೆ ಗಟ್ಟಿಯಾಗುತ್ತದೆ. ಕಳ್ಳಭಟ್ಟಿ ಸಾಗಿಸುತ್ತಿದ್ದ ಹುಡುಗರ ಕೈಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಓಡಿಸುವ ಚಳಕ ಮೊದಲೇ ಇತ್ತು. ಟ್ರ್ಯಾಕ್ಟರ್ ಎಳೆತದ ಪಂದ್ಯವೂ ಹೀಗೆಯೇ. ಟ್ರ್ಯಾಕ್ಟರಿಗೆ ಮುಂಚೆ ಅಮೆರಿಕದ ಹಳ್ಳಿಗಳಲ್ಲಿ ಕುದುರೆ ಜೋಡಿಗಳು ಭಾರ ಎಳೆಯುತ್ತಿದ್ದವು. 1929ರ ಹೊತ್ತಿಗೆ ಅದೇ ಬಯಲಿನಲ್ಲಿ ಟ್ರ್ಯಾಕ್ಟರುಗಳು ಎಳೆಯತೊಡಗಿದವು. ಇವುಗಳಲ್ಲಿ ಯಾವುದಕ್ಕೂ ಹೊಸ ಜಾಗ ಬೇಕಾಗಲಿಲ್ಲ, ಇದ್ದ ಕಣಕ್ಕೆ ಮೋಟಾರು ಇಳಿಯಿತು. ಕನ್ನಡದ ‘ಕಣ’ ಎಂಬ ಮಾತು ಇಲ್ಲಿ ಚೆನ್ನಾಗಿ ಒದಗುತ್ತದೆ: ರಾಗಿ ಒಕ್ಕುವ ಜಾಗವೂ ಕಣ, ಎದುರಾಳಿಗಳು ಇಳಿಯುವ ಜಾಗವೂ ಕಣ.

ಒಬ್ಬರು: ಕುದುರೆ ಓಟ ಇದ್ದ ಊರಿನಲ್ಲಿ ಕಾರು ಓಡಿತು ಎನ್ನುವುದನ್ನು ಒಪ್ಪುತ್ತೇನೆ. ಫಿನ್ಲೆಂಡಿನಲ್ಲಿ ಯಾವ ಕುದುರೆ ಓಟದ ದಾರಿ ರ‍್ಯಾಲಿಯಾಯಿತು? ಅಲ್ಲಿ ಓಡುವುದು ಕಾಡಿನ ನಡುವಿನ ರಸ್ತೆಯಲ್ಲಿ. ರಸ್ತೆ ಎಲ್ಲ ದೇಶದಲ್ಲೂ ಇದೆ.

ಮತ್ತೊಬ್ಬರು: ರಸ್ತೆ ಎಲ್ಲ ಕಡೆ ಇದ್ದರೂ, ಅದು ಯಾರದು ಎಂಬುದರಲ್ಲಿ ಎಲ್ಲ ಅಡಗಿದೆ. ಫಿನ್ಲೆಂಡಿನಲ್ಲಿ ಖಾಸಗಿ ಮತ್ತು ಕಾಡಿನ ರಸ್ತೆಗಳೇ ಸುಮಾರು ಮೂರೂವರೆ ಲಕ್ಷ ಕಿಲೋಮೀಟರ್. ಜಮೀನಿನವರು ಸೇರಿ ಸಂಘ ಕಟ್ಟಿಕೊಂಡು ತಮ್ಮ ರಸ್ತೆ ನೋಡಿಕೊಳ್ಳುತ್ತಾರೆ. ಬಹಳಷ್ಟು ಡಾಂಬರು ಕಾಣದ ಜಲ್ಲಿ ದಾರಿ. ಚಳಿಗಾಲದಲ್ಲಿ ಅದರ ಮೇಲೆ ಹಿಮ. ಹಾಲಿನ ಕ್ಯಾನು ಸಾಗಿಸುವವನೂ ಮರದ ದಿಮ್ಮಿ ಎಳೆಯುವವನೂ ಜಾರುವ ಗಾಡಿಯನ್ನು ಹತೋಟಿಗೆ ತರುವುದನ್ನು ಕಲಿಯಲೇಬೇಕು. ಯೂಹಾ ಕಂಕುನೆನ್ ನಾಲ್ಕು ಸಲ ವಿಶ್ವ ರ‍್ಯಾಲಿ ಪಟ್ಟ ಗೆದ್ದವರು. ಯುವಾಸ್ಕುಲಾ ಪಕ್ಕದ ಲೌಕಾದ ಹೊಲದಲ್ಲಿ ಬೆಳೆದವರು. ಯುವಾಸ್ಕುಲಾದಲ್ಲಿ 1951ರಿಂದ ರ‍್ಯಾಲಿ ನಡೆಯುತ್ತಾ ಬಂದಿದೆ. ಈ ಉದಾಹರಣೆಯಿಂದ ನನ್ನ ವಾದಕ್ಕೆ ಇನ್ನೊಂದು ತುದಿ ಸೇರುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಕಣದ ಜೊತೆಗೆ ನೋಡುವವರ ಕೈಗೆ ಆ ಕಷ್ಟ ಗೊತ್ತಿರಬೇಕು. ಜಾರುವ ತಿರುವಿನಲ್ಲಿ ಕಾರನ್ನು ಅಡ್ಡಡ್ಡ ತಿರುಗಿಸಿ ಹೊರಳಿಸಿದವನನ್ನು ಕಂಡು ಬೇಲಿಯಾಚೆ ನಿಂತ ಫಿನ್ನಿಷ್ ರೈತ ಹೌಹಾರುವುದು, ಅದೇ ತಿರುವಿನಲ್ಲಿ ತಾನು ಎಷ್ಟು ನಿಧಾನಕ್ಕೆ ಹೋಗುತ್ತೇನೆ ಎಂಬ ಅಳತೆ ತನ್ನ ಮೈಯಲ್ಲೇ ಇರುವುದರಿಂದ. ಫಾರ್ಮುಲಾ ಒನ್ ಕಾರಿನ ವೇಗ ನಮ್ಮ ಸೀಮೆಯವನಿಗೆ ಬರೀ ಅಂಕಿಯಾಗಿ ಉಳಿಯುತ್ತದೆ, ಅದನ್ನು ಅಳೆಯುವ ಕೋಲು ಅವನ ಕೈಯಲ್ಲಿಲ್ಲ. ಅವನಿಗೆ ತಿಳಿವಳಿಕೆ ಕಡಿಮೆ ಎಂದು ಇದರ ಅರ್ಥವಲ್ಲ. ಹಳ್ಳಿಕಾರ್ ಜೋಡಿಯೊಂದು ಗಾಡಿ ಎಳೆದು ಓಡುವಾಗ ಎಡಗಡೆಯ ಎತ್ತು ಅರ್ಧ ಹೆಜ್ಜೆ ಹಿಂದೆ ಬಿತ್ತು ಎಂಬುದನ್ನು ಅವನು ನೂರು ಗಜ ದೂರದಿಂದ ಹೇಳಬಲ್ಲ. ಫಿನ್ಲೆಂಡಿನವನಿಗೆ ಅದು ಕಾಣದು.

ಒಬ್ಬರು: ಆದರೆ ಕೈಗೆ ಗೊತ್ತಿಲ್ಲದ ಆಟವನ್ನೂ ಜನ ಮೆಚ್ಚುತ್ತಾರೆ. ಬ್ರೆಜಿಲಿನಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿದವರು ಎಷ್ಟು ಮಂದಿ? ಅಲ್ಲಿನ ಫಾರ್ಮುಲಾ ಒನ್ ಚಾಲಕ ಸೆನ್ನಾ ಸತ್ತಾಗ ಇಡೀ ದೇಶ ಕಣ್ಣೀರಿಟ್ಟಿತು. ಒಬ್ಬ ನಾಯಕ ಹುಟ್ಟಿದರೆ ಸಾಕು, ಆಟ ತಾನಾಗಿ ಬರುತ್ತದೆ ಎಂಬುದೇ ಸರಿಯಾದ ವಿವರಣೆ ಅನ್ನಿಸುತ್ತದೆ. ನಮಗೆ ಅಂಥವನೊಬ್ಬ ಹುಟ್ಟಲಿಲ್ಲ, ಅಷ್ಟೇ.

ಮತ್ತೊಬ್ಬರು: ಹುಟ್ಟಿದ್ದ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದರು, 2010ರಲ್ಲಿ ಚೆನ್ನೈನ ಕರುಣ್ ಚಂದೋಕ್. ಬೆಂಗಳೂರಿನ ಉದ್ಯಮಿಯೊಬ್ಬರ ಒಡೆತನದಲ್ಲಿ ಫೋರ್ಸ್ ಇಂಡಿಯಾ ತಂಡವೇ 2008ರಿಂದ ಓಡಿತು. 2011ರಲ್ಲಿ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ ಭಾರತದ ಗ್ರ್ಯಾನ್ ಪ್ರೀ ನಡೆಯಿತು. 5.125 ಕಿಲೋಮೀಟರಿನ, ಜಗತ್ತಿನ ಯಾವ ಸರ್ಕ್ಯೂಟಿಗೂ ಕಡಿಮೆಯಿಲ್ಲದ ದಾರಿ. ಮೂರು ವರ್ಷ ಸೆಬಾಸ್ಟಿಯನ್ ವೆಟೆಲ್ ಗೆದ್ದರು, ಮೂರನೇ ವರ್ಷಕ್ಕೆ ಗ್ಯಾಲರಿ ತೆಳುವಾಗಿತ್ತು, 2013ರ ನಂತರ ಅಲ್ಲಿ ಫಾರ್ಮುಲಾ ಒನ್ ಓಟವೇ ಇಲ್ಲ. ಇದು ಕ್ರೀಡೆಯೋ ಮನರಂಜನೆಯೋ ಎಂದು ತೆರಿಗೆಯವರು ಜಗಳವಾಡಿದ್ದೂ ಒಂದು ಕಾರಣ, ನಿಜ. ಆದರೆ ಆ ಓಟ ನಿಂತಾಗ ಬೀದಿಗಿಳಿದು ಕೇಳಿದ ಜನ ಇರಲಿಲ್ಲ. ಕಂಬಳದ ವಿಚಾರ ನೆನಪಿಸಿಕೊಳ್ಳಿ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ ಮೇಲೆ ಕಂಬಳಕ್ಕೂ ಕುತ್ತು ಬಂತು. ಕರಾವಳಿಯ ಜನ ಬೀದಿಗಿಳಿದರು, ರಾಜ್ಯ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ತನ್ನದು ಎನ್ನಿಸಿದ ಆಟಕ್ಕೆ ಜನ ಹೀಗೆ ಒಂಬತ್ತು ವರ್ಷ ಕಾಯುತ್ತಾರೆ. ದಕ್ಷಿಣ ಕೊರಿಯಾದ ಯೊಂಗಾಮ್ ಸರ್ಕ್ಯೂಟಿಗೂ ಬುದ್ಧ್ ಸರ್ಕ್ಯೂಟಿನದೇ ಗತಿ: 2010ರಲ್ಲಿ ಶುರು, 2013ಕ್ಕೆ ಮುಕ್ತಾಯ. ನಾಯಕರ ಮಾತಿಗೆ ಬಂದರೆ, ಜರ್ಮನಿಗಿಂತ ದೊಡ್ಡ ಉದಾಹರಣೆ ಬೇಕೆ? ಶುಮಾಕರ್ ಏಳು ಸಲ, ವೆಟೆಲ್ ನಾಲ್ಕು ಸಲ ವಿಶ್ವ ಪಟ್ಟ ಗೆದ್ದ ದೇಶದಲ್ಲಿ 2019ರ ನಂತರ ಜರ್ಮನ್ ಗ್ರ್ಯಾನ್ ಪ್ರೀ ಎಂಬ ಹೆಸರಿನ ಓಟವೇ ನಡೆದಿಲ್ಲ. ಅದೇ ಶುಮಾಕರ್ ಎಲ್ಲಿಂದ ಬಂದರು? ಕೆರ್ಪೆನ್ ಎಂಬ ಊರಿನ ಗೋ-ಕಾರ್ಟ್ ಅಂಗಳದಿಂದ. ಅವರ ತಂದೆ ಅದನ್ನು ನೋಡಿಕೊಳ್ಳುತ್ತಿದ್ದರು.

ಇನ್ನು ಬ್ರೆಜಿಲಿನ ಪಕ್ಕದ ಅರ್ಜೆಂಟೀನಾ ನನ್ನ ಮಾತಿಗೆ ಇನ್ನೂ ಹತ್ತಿರ. ಹುವಾನ್ ಮನುವೆಲ್ ಫಾಂಜಿಯೊ ಐದು ಸಲ ವಿಶ್ವ ಚಾಂಪಿಯನ್. ಅವರ ಊರು ಬಾಲ್ಕಾರ್ಸೆ, ಆಲೂಗಡ್ಡೆ ಬೆಳೆಯುವ ಸೀಮೆ. ಗ್ಯಾರೇಜು ನಡೆಸುತ್ತಿದ್ದ ಅವರಿಗೆ ಓಟದ ಕಾರು ಕೊಳ್ಳಲು ಊರಿನವರು ಚಂದಾ ಎತ್ತಿ ಷೆವರ್ಲೆ ಕೊಡಿಸಿದರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲೀಮಾಕ್ಕೆ ಹೋಗಿ ವಾಪಸು ಬರುವ ಮಹಾಓಟವನ್ನು ಫಾಂಜಿಯೊ ಷೆವರ್ಲೆಯಲ್ಲೇ ಗೆದ್ದರು. 1937ರಲ್ಲಿ ಶುರುವಾದ ತೂರಿಸ್ಮೊ ಕಾರ್ರೆತೇರಾ ಎಂಬ ಅಲ್ಲಿನ ಓಟ ಊರಿಂದ ಊರಿಗೆ ಮಣ್ಣಿನ ರಸ್ತೆಯಲ್ಲೇ ಸಾಗುತ್ತಿತ್ತು. ಜಗಲಿಯ ಮೇಲೆ ಕೂತವನ ಮುಂದೆ ಅವನ ಮನೆಯಲ್ಲಿರುವಂಥದೇ ಫೋರ್ಡು, ಷೆವರ್ಲೆ ಧೂಳೆಬ್ಬಿಸಿ ಹೋಗುತ್ತಿದ್ದವು. ಅವತ್ತು ಎದ್ದ ಫೋರ್ಡ್–ಷೆವರ್ಲೆ ಜಿದ್ದು ಅಲ್ಲಿನ ಮನೆತನಗಳಲ್ಲಿ ಇವತ್ತಿಗೂ ಇದೆ. ಆಲೂಗಡ್ಡೆ ಬೆಳೆಯುವವರು ಚಂದಾ ಎತ್ತಿದರೆಂಬ ಈ ಸಂಗತಿಯ ಮುಂದೆ ನಾಯಕ ಮೊದಲೋ ಆಟ ಮೊದಲೋ ಎಂಬ ಪ್ರಶ್ನೆ ನಿಲ್ಲುವುದಿಲ್ಲ.

ಒಬ್ಬರು: ಹಾಗಾದರೆ ದೇಶ ದೇಶಗಳ ಹೋಲಿಕೆ ಯಾಕೆ ಬೇಕು? ನಿಮ್ಮ ಮಾತು ನಿಜವಾದರೆ ಒಂದೇ ರಾಜ್ಯದ ಒಳಗೂ ಈ ಭೇದ ಕಾಣಬೇಕು. ಒಂದೇ ಸರ್ಕಾರ, ಒಂದೇ ಕಾನೂನು, ಒಂದೇ ಟಿವಿ.

ಮತ್ತೊಬ್ಬರು: ಕಾಣುತ್ತದೆ, ಕರ್ನಾಟಕದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದೇನೋ. ಇಲ್ಲಿಂದ ಪಶ್ಚಿಮಕ್ಕೆ ಹೊರಟು ಚಿಕ್ಕಮಗಳೂರು ಮುಟ್ಟಿದರೆ ರ‍್ಯಾಲಿ ಎಂಬ ಮಾತಿಗೆ ವಿವರಣೆ ಬೇಕಿಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಅಲ್ಲಿನ ಕಾಫಿ ತೋಟಗಳಲ್ಲಿ ನಡೆದಿದೆ. ದೆಹಲಿಯ ಗೌರವ್ ಗಿಲ್ ಈ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದು, 2019ರಲ್ಲಿ ಮೋಟಾರು ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ತಂದರು. ಕಾಫಿ ತೋಟದಲ್ಲಿ ಏನಿದೆ? ನೂರಾರು ಎಕರೆಯ ಒಂದೇ ಹಿಡುವಳಿ, ಅದರೊಳಗೆ ಮಾಲೀಕನದೇ ಆದ ಮಣ್ಣಿನ ರಸ್ತೆ, ಗೇಟು ಹಾಕಿದರೆ ಸಾರ್ವಜನಿಕರ ಓಡಾಟ ಬಂದ್. ಮಳೆಯಲ್ಲಿ ಜೀಪು ಹತ್ತಿಸುವುದು ತೋಟದವರ ನಿತ್ಯದ ಪಾಡು. ಮಲೇಷ್ಯಾದ ಜೊಹೊರ್‌ನಲ್ಲಿ ಇದೇ ಚಾಂಪಿಯನ್‌ಷಿಪ್ಪಿನ ಓಟ ತಾಳೆ ತೋಟಗಳ ನಡುವೆ ನಡೆದದ್ದಕ್ಕೂ ಇದೇ ಕಾರಣ. ಕೊಡಗಿಗೆ ಹೋಗಿ: ಗೋಣಿಕೊಪ್ಪ, ವಿರಾಜಪೇಟೆ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಆಟೊಕ್ರಾಸ್. ಕೊಯ್ಲಿನಿಂದ ಮುಂದಿನ ನಾಟಿಯವರೆಗೆ ಆ ನೆಲ ಬರಿದು, ಸಮತಟ್ಟು. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಜಾತ್ರೆಗಳಿಗೆ ಹೋಗಿ: ಟ್ರೈಲರು ಸಿಕ್ಕಿಸಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆ. ನನ್ನ ಕಣ್ಣಿಗೆ ಕರ್ನಾಟಕದ ನೆಲದಲ್ಲಿ ಮೂಡಿದ ಅಚ್ಚ ಮೋಟಾರು ಕ್ರೀಡೆ ಎಂದರೆ ಇದು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟ್ರೈಲರು ಸಿಕ್ಕಿಸಿದ ಟ್ರ್ಯಾಕ್ಟರು ಹಿಂದಕ್ಕೆ ಹೋಗುವಾಗ ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೊರಳುತ್ತದೆ. ಕೊಂಡಿಯ ಹತ್ತಿರ ಒಂದು ಗೇಣು ತಪ್ಪಿದರೆ ಟ್ರೈಲರಿನ ಬಾಲದಲ್ಲಿ ಒಂದು ಮಾರು ತಪ್ಪು. ತಿದ್ದಲು ಹೋಗಿ ಹೆಚ್ಚು ತಿದ್ದಿದರೆ ಇಡೀ ಗಾಡಿ ಕತ್ತರಿಯಂತೆ ಮಡಿಚಿಕೊಳ್ಳುತ್ತದೆ. ಚಾಲಕ ಸೀಟಿನಲ್ಲಿ ಅರ್ಧ ತಿರುಗಿ ಕೂತು, ಒಂದು ಕೈ ಮಡ್‌ಗಾರ್ಡಿನ ಮೇಲೆ, ಒಂದು ಕೈ ಸ್ಟೇರಿಂಗಿನಲ್ಲಿ, ಕಣ್ಣು ಹಿಂದಿನ ಗಾಲಿಯ ಮೇಲೆ ಇಟ್ಟು, ಎಲ್ಲೂ ನಿಲ್ಲದೆ ನೇರ ಗೆರೆ ಹಿಡಿದು ಹೋಗಬೇಕು. ಕಬ್ಬಿನ ಸೀಮೆಯಲ್ಲಿ ಇದು ಕಾರ್ಖಾನೆಯ ಅಂಗಳದಲ್ಲಿ ದಿನಾ ಮಾಡಬೇಕಾದ ಕೆಲಸ. ಸುತ್ತ ನೆರೆದ ಸಾವಿರಾರು ಜನರಲ್ಲಿ ನೂರಾರು ಮಂದಿ ಅದನ್ನು ಮಾಡಿ ಸೋತವರು. ಅದಕ್ಕೇ ಅವರು ಉಸಿರು ಬಿಗಿಹಿಡಿದು ನೋಡುವುದು. ಅದೇ ಊರುಗಳಲ್ಲಿ ಎತ್ತುಗಳಿಂದ ಭಾರದ ಬಂಡಿ ಎಳೆಸುವ ತೆರಬಂಡಿ ಸ್ಪರ್ಧೆಯೂ ಇದೆ. ಕಣ ಮೊದಲೇ ಇತ್ತು, ಪಂದ್ಯ ಕಟ್ಟುವ ಕಮಿಟಿ ಇತ್ತು, ಜನ ಸೇರುವ ಜಾತ್ರೆಯಿತ್ತು. ಟ್ರ್ಯಾಕ್ಟರು ಬಂದಾಗ ಹೊಸದಾಗಿ ಕಟ್ಟಬೇಕಾದ್ದು ಏನೂ ಉಳಿದಿರಲಿಲ್ಲ.

ಒಬ್ಬರು: ಇಲ್ಲಿಯೇ ನಿಮ್ಮನ್ನು ಹಿಡಿಯಬೇಕು. ನಮ್ಮ ಸೀಮೆಗೂ ಎತ್ತಿನಗಾಡಿ ಓಟ ಹೊಸದಲ್ಲ. ಹಳ್ಳಿಕಾರ್ ರಾಸುಗಳ ಮೇಲಿನ ಮೋಹಕ್ಕೆ ತುಮಕೂರು ಜಿಲ್ಲೆಯನ್ನು ಮೀರಿಸಿದವರಿಲ್ಲ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಪರಿಷೆಯೇ ಸಾಕ್ಷಿ. ಕಣವಿತ್ತು, ಕಣ್ಣಿತ್ತು, ಗಾಡಿ ಬಂತು. ಆದರೂ ಮೋಟಾರು ಆಟ ಹುಟ್ಟಲಿಲ್ಲ. ಮೈಸೂರಿನದೂ ಇದೇ ಕಥೆ. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಿಂದ 1996ರವರೆಗೆ ಬೈಕು ತಯಾರಿಸಿತು. ಜಾವಾ, ಯೆಜ್ಡಿ ಅಂದರೆ ಇವತ್ತಿಗೂ ಜೀವ ಬಿಡುವವರಿದ್ದಾರೆ. ಸ್ಪೇನಿನಲ್ಲಿ ಬುಲ್ಟಾಕೊ, ಡೆರ್ಬಿ, ಮೊಂಟೆಸಾ ಎಂಬ ಸಣ್ಣ ಬೈಕುಗಳ ಕಾರ್ಖಾನೆಗಳಿಂದಲೇ ಬೈಕು ಓಟ ದೇಶದ ಆಟವಾಯಿತು. ಮೈಸೂರಿನಲ್ಲಿ ಯಾಕಾಗಲಿಲ್ಲ?

ಮತ್ತೊಬ್ಬರು: ಮೈಸೂರಿನ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಸ್ಪೇನಿನಲ್ಲಿ ಬೈಕಿನ ಜೊತೆಗೆ ಊರಿನ ಬೀದಿಯನ್ನೇ ಮುಚ್ಚಿ ಓಡಿಸುವ ರೂಢಿ ಇತ್ತು. ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಉದ್ಯಾನದ ರಸ್ತೆಗಳಲ್ಲೇ ಓಟ ನಡೆಯುತ್ತಿತ್ತು. ಮೈಸೂರಿಗೆ ಬೈಕು ಬಂತು, ಬೀದಿ ಸಿಗಲಿಲ್ಲ. ಯೆಜ್ಡಿ ಹುಡುಗ ಓಡಿಸಬೇಕೆಂದರೆ ಮದರಾಸಿನ ಆಚೆ ಶೋಳಾವರಂಗೆ ಹೋಗಬೇಕಿತ್ತು. ಅಲ್ಲಿ ಯುದ್ಧಕಾಲದ ವಿಮಾನದ ಓಡುದಾರಿ ಬಿದ್ದಿತ್ತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಯುದ್ಧಕಾಲದ ಬಾಂಬರ್ ನೆಲೆಯೇ, 1950ರಲ್ಲಿ ಮೊದಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಓಟ ನಡೆದದ್ದು ಆ ನೆಲದ ಮೇಲೆ. ಚೆನ್ನೈ ಮತ್ತು ಕೊಯಮತ್ತೂರು ಈ ದೇಶದ ಸರ್ಕ್ಯೂಟ್ ಓಟದ ತವರಾದದ್ದಕ್ಕೆ ಇಂಥ ನೆಲವೂ, ಅದನ್ನು ಬಿಡದೆ ಕಾಪಾಡಿಕೊಂಡ ಕ್ಲಬ್ಬುಗಳೂ ಕಾರಣ. ತಮಿಳರಿಗೆ ವೇಗದ ಗುಣ ಹುಟ್ಟಿನಿಂದ ಬಂದದ್ದೇನಲ್ಲ.

ನಮ್ಮ ಸೀಮೆಯದು ಇದಕ್ಕಿಂತ ಆಳದ ವಿಷಯ, ಇಲ್ಲಿ ನಿಧಾನವಾಗಿ ಯೋಚಿಸಬೇಕು. ಭತ್ತ, ಕಬ್ಬು, ಜೋಳದ ನೆಲ ವರ್ಷಕ್ಕೊಮ್ಮೆ ಬರಿದಾಗುತ್ತದೆ. ತೆಂಗಿನ ನೆಲ ಬರಿದಾಗುವುದೇ ಇಲ್ಲ. ಮೂವತ್ತು ಅಡಿಗೊಂದು ಮರ, ಬುಡಕ್ಕೊಂದು ಪಾತಿ, ಪಾತಿಯಿಂದ ಪಾತಿಗೆ ನೀರಿನ ಕಾಲುವೆ ಇಲ್ಲವೇ ಡ್ರಿಪ್ ಪೈಪು, ಅಂಚಿಗೆ ಬದು. ಅರವತ್ತು, ಎಪ್ಪತ್ತು ವರ್ಷ ಅದೇ ಮರ ಅದೇ ಜಾಗದಲ್ಲಿ. ಕಾಫಿ ಎಸ್ಟೇಟಿನಂತೆ ಒಳರಸ್ತೆ ಇಲ್ಲ. ಎರಡು ಎಕರೆ, ಮೂರು ಎಕರೆಯ ಹಿಡುವಳಿಗಳ ನಡುವೆ ಒಂದು ಗಾಡಿ ಹೋಗುವಷ್ಟೇ ಅಗಲದ ಬಂಡಿಜಾಡು, ಅದಕ್ಕೂ ನಾಲ್ಕು ಮನೆಯವರ ತಗಾದೆ. ಕೆಲಸದ ಪಂಚಾಂಗ ಕೂಡ ಹಾಗೆಯೇ. ಒಂದೂವರೆ, ಎರಡು ತಿಂಗಳಿಗೊಮ್ಮೆ ಕಾಯಿ ಕೀಳಬೇಕು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಒಣಗಬೇಕು, ಆಮೇಲೆ ಸುಲಿಯಬೇಕು, ಒಡೆಯಬೇಕು, ತಿಪಟೂರಿನ ಹರಾಜಿಗೆ ಸಾಗಿಸಬೇಕು. ಕೈ ಬಿಡುವಾಗುವ ಕಾಲ, ನೆಲ ಬಿಡುವಾಗುವ ಕಾಲ, ಎರಡೂ ಕೂಡಿ ಬರುವುದಿಲ್ಲ. ಗಾಡಿ ಓಟ ನಡೆಯುತ್ತಿದ್ದದ್ದು ರಾಗಿ ಕೊಯ್ದ ಹೊಲದಲ್ಲಿ, ಬೇಸಿಗೆಗೆ ಒಣಗಿದ ಕೆರೆಯಂಗಳದಲ್ಲಿ. ಆ ಹೊಲ ಎಷ್ಟೋ ಕಡೆ ಈಗ ತೆಂಗಿನ, ಅಡಿಕೆಯ ತೋಟ. ಬೋರ್‌ವೆಲ್ ಬಂತು, ಹೊಲ ತೋಟವಾಯಿತು, ಕಣ ಹೋಯಿತು. ಮೋಟಾರು ಊರಿಗೆ ಬಂದದ್ದೂ ಅದೇ ದಶಕಗಳಲ್ಲಿ.

ಉಳಿದ ರಾಗಿ, ಹುರುಳಿಯನ್ನು ಈಗ ಎಲ್ಲಿ ಒಕ್ಕುತ್ತಾರೆ? ಡಾಂಬರು ರಸ್ತೆಯ ಮೇಲೆ. ಸುಗ್ಗಿಯಲ್ಲಿ ರಸ್ತೆಯ ಅರ್ಧ ಅಗಲಕ್ಕೆ ತೆನೆ ಹರಡಿರುತ್ತದೆ, ಬಸ್ಸು ಲಾರಿಗಳ ಗಾಲಿಯೇ ರೋಣಗಲ್ಲು. ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಕಟ್ಟುತ್ತಿದ್ದ ಕಣ ಹಿತ್ತಲಿನಿಂದ ಮಾಯವಾಗಿದ್ದರಿಂದ ಒಕ್ಕಣೆ ರಸ್ತೆಗೆ ಬಂತು. ಓಟವೂ ಹೀಗೇ ರಸ್ತೆಗೆ ಬಂತು. ತುಮಕೂರು–ಅರಸೀಕೆರೆ ಹೆದ್ದಾರಿಯಲ್ಲಿ ಮುಂದಿನ ಗಾಲಿ ಎತ್ತಿ ಬೈಕು ಓಡಿಸುವ ಹುಡುಗನನ್ನು ಪುಂಡ ಎಂದು ಬೈಯುತ್ತೇವೆ. ಬೈಯಬೇಕಾದ್ದೇ, ಅವನಿಂದ ಸಾಯುವವರು ಎದುರು ಬರುವ ಬಡಪಾಯಿಗಳು. ಆದರೆ ಅವನ ಕೈಯಲ್ಲಿರುವ ಚಳಕ, ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಲೆಶ್ನೊದ ಹುಡುಗನದೇ. ಅಲ್ಲಿ ಅದಕ್ಕೊಂದು ಅಂಡಾಕಾರದ ಮಣ್ಣಿನ ದಾರಿ, ಸುತ್ತ ಕಟಾಂಜನ, ಒಬ್ಬ ವೈದ್ಯ. ಇಲ್ಲಿ ಅದಕ್ಕೆ ಹೆದ್ದಾರಿ.

ಒಬ್ಬರು: ಅಂದರೆ ಕಾನೂನು ಸಡಿಲ ಮಾಡಿ ಎನ್ನುತ್ತೀರಾ? ಜೀವ ಹೋಗುವ ಆಟ ಇಲ್ಲದಿರುವುದೇ ಒಳ್ಳೆಯದು ಎನ್ನುವವರಿಗೆ ನಿಮ್ಮ ಉತ್ತರವೇನು? ಪಂಜಾಬಿನಲ್ಲಿ ಟ್ರ್ಯಾಕ್ಟರ್ ಕಸರತ್ತು ಮಾಡಲು ಹೋಗಿ ಒಬ್ಬ ಸತ್ತ ಮೇಲೆ 2023ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಅಂಥ ಕಸರತ್ತನ್ನೇ ನಿಷೇಧಿಸಿತು. ತಪ್ಪೇನಿದೆ?

ಮತ್ತೊಬ್ಬರು: ಪಂಜಾಬಿನ ನಿಷೇಧವನ್ನು ತಪ್ಪು ಎನ್ನಲಾರೆ, ಒಂದು ಸಾವಿನ ಮುಂದೆ ವಾದ ಸಣ್ಣದಾಗುತ್ತದೆ. ಕಾನೂನು ಸಡಿಲವಾಗಲಿ ಎಂದೂ ನಾನು ಕೇಳುತ್ತಿಲ್ಲ. ಕಾನೂನು ಆಟವನ್ನು ಯಾವ ಜಾಗಕ್ಕೆ ತಳ್ಳುತ್ತದೆ ಎಂಬುದನ್ನು ಗಮನಿಸಿ ಎನ್ನುತ್ತೇನೆ. ಬ್ರಿಟನ್ನಿನಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಓಟ ನಡೆಸಲು ಬಿಡಲಿಲ್ಲ. ಅದರಿಂದ ಎರಡು ಸಂಗತಿ ಹುಟ್ಟಿದವು, ಎರಡೂ 1907ರಲ್ಲಿ: ಓಟಕ್ಕೆಂದೇ ಕಟ್ಟಿದ ಬ್ರೂಕ್‌ಲ್ಯಾಂಡ್ಸ್ ದಾರಿ, ಮತ್ತು ತನ್ನದೇ ಶಾಸನಸಭೆಯಿದ್ದ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕು ಓಟ. ಫ್ರಾನ್ಸಿನಲ್ಲಿ ರಸ್ತೆ ಮುಚ್ಚಲು ಅವಕಾಶ ಇತ್ತು, ಹಾಗಾಗಿ ಲ ಮಾನ್ ಕಾರು ಓಟ ಇವತ್ತಿಗೂ ಬಹುಪಾಲು ಸಾರ್ವಜನಿಕ ರಸ್ತೆಯಲ್ಲೇ ನಡೆಯುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಓದಿ. ಸಾರ್ವಜನಿಕ ಸ್ಥಳದಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಮೋಟಾರು ಓಟ ನಡೆಸಿದರೆ, ಓಡಿದರೆ ಶಿಕ್ಷೆ. 500 ರೂಪಾಯಿ ಇದ್ದ ದಂಡ 2019ರ ತಿದ್ದುಪಡಿಯಲ್ಲಿ 5,000ಕ್ಕೆ ಏರಿತು. ಲಿಖಿತ ಒಪ್ಪಿಗೆ ಇದ್ದರೆ ಓಡಬಹುದು ಎಂಬ ಬಾಗಿಲು ಅದೇ ಸೆಕ್ಷನ್ನಿನಲ್ಲಿದೆ. ಬೆಂಗಳೂರಿನ, ಚಿಕ್ಕಮಗಳೂರಿನ ಕ್ಲಬ್ಬುಗಳಿಗೆ ಆ ಬಾಗಿಲು ತಟ್ಟಲು ಬರುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಓಡಿದ ಮೊದಲ ಭಾರತೀಯರಾದರು, 36ನೇ ಸ್ಥಾನದಲ್ಲಿ ಮುಗಿಸಿದರು; 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಆ ಬಾಗಿಲು ಇದೆ ಎಂಬುದೇ ಶೆಟ್ಟಿಕೆರೆ ಹೋಬಳಿಯ ಯಾವ ಯುವಕ ಸಂಘಕ್ಕೂ ತಿಳಿಯದ ಹಾಗೆ ಅದು ಎತ್ತರದಲ್ಲಿದೆ, ನನ್ನ ಕೊರಗು ಅಷ್ಟೇ. ಎತ್ತಿನಗಾಡಿ ಓಟಕ್ಕೆ ಅನುಮತಿ ಪಡೆಯುವುದನ್ನು ಕಲಿತ ಜನ ಇದನ್ನೂ ಕಲಿಯಬಲ್ಲರು.

ಒಬ್ಬರು: ಕಲಿತರು ಎಂದೇ ಇಟ್ಟುಕೊಳ್ಳೋಣ. ಏನನ್ನು ಓಡಿಸುವುದು? ಜೀಪಿಲ್ಲ, ರ‍್ಯಾಲಿ ಕಾರಿಲ್ಲ. ಟ್ರ್ಯಾಕ್ಟರು ತೋಟದಲ್ಲಿ ಉಳಲು ಬೇಕು.

ಮತ್ತೊಬ್ಬರು: ಎಕ್ಸೆಲ್. ಈ ಸೀಮೆಯ ಕೈಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುವ ಗಾಡಿ ಇಲ್ಲ. ನೂರು ಸಿಸಿಯ ಬಡ ಎಂಜಿನ್ ಎಂದು ನೋಡಬೇಡಿ. ಮಲೇಷ್ಯಾದಲ್ಲಿ 1994ರಿಂದ ನಡೆಯುತ್ತಿರುವ ಕಬ್ ಪ್ರೀ ಓಟ ಸಣ್ಣ ಎಂಜಿನ್ನಿನ, ಹೆಂಗಸರು ಮಕ್ಕಳು ಪೇಟೆಗೆ ಓಡಿಸುವ ಗಾಡಿಗಳದೇ ಓಟ, ಸಣ್ಣ ಪಟ್ಟಣಗಳ ಬೀದಿಗಳನ್ನೇ ಮುಚ್ಚಿ ನಡೆಸಿದ್ದೂ ಉಂಟು. ಆ ದೇಶದ ಸವಾರರು ಹೊರಗಿನ ಓಟಗಳಿಗೆ ಹೋದದ್ದು ಅಲ್ಲಿಂದ. ಎಕ್ಸೆಲ್ ತಯಾರಿಸುವ ಹೊಸೂರಿನ ಕಂಪನಿಗೂ 1982ರಿಂದ ರೇಸ್ ತಂಡವಿದೆ. ಒಣಗಿದ ಕೆರೆಯಂಗಳದಲ್ಲಿ ಕಾಲು ಕಿಲೋಮೀಟರಿನ ಸುತ್ತು ಎಳೆದು, ಧೂಳು ಕೂರುವಷ್ಟು ನೀರು ಹೊಡೆದು, ಎರಡು ಸಾಲು ಬೇಲಿ ಕಟ್ಟಿ, ಬೆಳಿಗ್ಗೆ ಜೋಡೆತ್ತು ಓಡಿದ ಕಣದಲ್ಲಿ ಸಂಜೆ ಎಕ್ಸೆಲ್ ಬಿಡಿ. ಎರಡು ಮೂಟೆ ಹೇರಿಕೊಂಡೇ ಓಡಬೇಕು ಎಂಬ ಒಂದು ಪಂದ್ಯವಿರಲಿ. ಮುಂದಿನ ಮೂಟೆ ಹ್ಯಾಂಡಲ್ಲಿಗೆ ತಾಗದ ಹಾಗೆ, ಹಿಂದಿನದು ಮುಂಗಾಲಿಯನ್ನು ಹಗುರ ಮಾಡದ ಹಾಗೆ ಕಟ್ಟುವುದು ಎಷ್ಟು ನಾಜೂಕು ಎಂದು ನೋಡುವವರಲ್ಲಿ ಪ್ರತಿಯೊಬ್ಬರಿಗೂ ಗೊತ್ತು.

ಒಬ್ಬರು: ಎರಡನೇ ವರ್ಷಕ್ಕೆ ದುಡ್ಡಿದ್ದವನು ಎಂಜಿನ್ ಕೊರೆಸಿ, ಬೇರೆ ಕಾರ್ಬುರೇಟರ್ ಹಾಕಿಸಿಕೊಂಡು ಬರುತ್ತಾನೆ. ಎತ್ತಿನ ಓಟದಲ್ಲಿ ಆದದ್ದು ಅದೇ ಅಲ್ಲವೆ? ಜೋಡಿಗೆ ಲಕ್ಷಗಟ್ಟಲೆ ಸುರಿಯಬಲ್ಲವರ ಪಾಲಾಯಿತು.

ಮತ್ತೊಬ್ಬರು: ಅದಕ್ಕೆ ಫಿನ್ಲೆಂಡಿನವರು ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಅಲ್ಲಿ ಹಳೆಯ ಕಾರುಗಳನ್ನು ಮಣ್ಣಿನ ಸುತ್ತಿನಲ್ಲಿ ಓಡಿಸುವ ‘ಯೊಕ್ಕಿಸ್’ ಎಂಬ ಓಟವಿದೆ, ಎಲ್ಲರ ದರ್ಜೆ ಎಂಬ ಅರ್ಥದ್ದು. ಹದಿನೈದು ವರ್ಷದ ಹುಡುಗ ಹುಡುಗಿಯರೂ ಇಳಿಯಬಹುದು. ಓಟ ಮುಗಿದ ಮೇಲೆ ಯಾರಾದರೂ ನಿಗದಿಯಾದ ಬೆಲೆ ಹಿಡಿದು ಬಂದು ನಿನ್ನ ಕಾರು ಕೊಡು ಎಂದರೆ ಕೊಡಲೇಬೇಕು, ಇಲ್ಲ ಎನ್ನುವ ಹಾಗಿಲ್ಲ. ಆ ಬೆಲೆ ಹಳೆಯ ಗುಜರಿ ಕಾರಿನ ಬೆಲೆಯಷ್ಟೇ. ಹಾಗಿರುವಾಗ ಅದಕ್ಕೆ ಮೂರು ಪಟ್ಟು ಸುರಿದು ಎಂಜಿನ್ ಕೊರೆಸುವವನು ಯಾರು?

ಒಬ್ಬರು: ಗೆದ್ದ ಎಕ್ಸೆಲ್ಲನ್ನು ಹುಳಿಯಾರಿನವನು ಬೆಲೆ ಕಟ್ಟಿ ಒಯ್ದರೆ, ಮಾರನೇ ದಿನ ಕಾಯಿ ಹೊರುವುದು ಯಾವುದರಲ್ಲಿ?

ಮತ್ತೊಬ್ಬರು: ಮನೆಯ ಎಕ್ಸೆಲ್ ಇಳಿಸಬಾರದು. ಕೊಟ್ಟಿಗೆಯ ಹಿಂದೆ, ಗರಿ ಮುಚ್ಚಿಕೊಂಡು ಬಿದ್ದಿರುವ ಹಳೆಯದೊಂದು ಇರುತ್ತದಲ್ಲ, ಅದನ್ನು.

ಒಬ್ಬರು: ಕೆರೆಯಂಗಳಕ್ಕೆ ಅನುಮತಿ ಯಾರ ಹತ್ತಿರ ಕೇಳಬೇಕು, ಪಂಚಾಯಿತಿಯೋ ಸಣ್ಣ ನೀರಾವರಿಯೋ?

ಮತ್ತೊಬ್ಬರು: ಮೊದಲು ಅದನ್ನು ತಿಳಿದುಕೊಳ್ಳಬೇಕು. ಮಳೆ ಹಿಡಿಯುವುದಕ್ಕೆ ಮುಂಚೆ.